ಪ್ಲೇಟ್‌ಲೆಟ್ ಏರಿಸುವ ಚೀನೀ ಗುಳಿಗೆಗಳು: ಡಬ್ಬಿಯ ಮೇಲಿನ ಹೆಸರೇನು, ಒಳಗಿನ ಚೀಟಿ ಹೇಳುವುದೇನು

ಐಟಿಪಿ, ಅಂದರೆ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಕಾಯಿಲೆ, ಎಂದೊಡನೆ ಚೀನಾದ ಔಷಧಿ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಕೇಳಿಬರುವ ಹೆಸರುಗಳು ಮೂರು. ಒಂದು, ಗ್ವೇಪೀ ವಾನ್ ಎಂಬ ಕಪ್ಪು ಗುಳಿಗೆ. ಎರಡು, ಶೆಂಗ್ ಶ್ವೇಶ್ಯಾವ್‌ಬಾನ್ ಎಂಬ ಕ್ಯಾಪ್ಸೂಲ್; ಹೆಸರಿನ ಅರ್ಥವೇ ‘ಪ್ಲೇಟ್‌ಲೆಟ್ ಏರಿಸು’. ಮೂರು, ಲೇಗಾಂಗ್‌ತೆಂಗ್ ಮಾತ್ರೆ. ಇವನ್ನು ಒಂದೇ ಕಾಯಿಲೆಗೆ ಮೂರು ದರ್ಜೆಯ ಮದ್ದೆಂಬಂತೆ ಸೌಮ್ಯ, ಮಧ್ಯಮ, ಕಡಕ್ ಎಂದು ಸಾಲಾಗಿ ಇಟ್ಟು ಮಾರುವವರಿದ್ದಾರೆ. ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನು ಬಿಚ್ಚಿ ಓದಿದರೆ ಈ ಲೆಕ್ಕ ಅಲ್ಲೇ ಬಿದ್ದುಹೋಗುತ್ತದೆ. ಮೊದಲನೆಯದರ ಚೀಟಿಯಲ್ಲಿ ಪ್ಲೇಟ್‌ಲೆಟ್ ಎಂಬ ಮಾತೇ ಇಲ್ಲ. ಮೂರನೆಯದರಲ್ಲಿ ಇದೆ, ಆದರೆ ‘ಯಾರು ತೆಗೆದುಕೊಳ್ಳಬಾರದು’ ಎಂಬ ಪಟ್ಟಿಯಲ್ಲಿ.

ಮೂರನ್ನೂ ಒಂದೊಂದಾಗಿ ನೋಡುವ ಮೊದಲು ಅಂಕಿಯ ವಿಷಯ ಇತ್ಯರ್ಥವಾಗಲಿ. ಐಟಿಪಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಪ್ಲೇಟ್‌ಲೆಟ್‌ಗಳಿಗೆ ಪ್ರತಿಕಾಯ ಅಂಟಿಸುತ್ತದೆ. ಗುರುತು ಬಿದ್ದ ಪ್ಲೇಟ್‌ಲೆಟ್‌ಗಳನ್ನು ಮುಖ್ಯವಾಗಿ ಗುಲ್ಮ ನುಂಗಿಹಾಕುತ್ತದೆ. ಎಣಿಕೆ 1 ಲಕ್ಷಕ್ಕಿಂತ ಕೆಳಗಿದ್ದು, ಬೇರೆ ಕಾರಣ ಸಿಗದಿದ್ದರೆ ಈ ಹೆಸರು. ಚೀನಾದ ಲ್ಯಾಬ್ ವರದಿಯಲ್ಲಿ 22 ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 22,000, ಅಂದರೆ 0.22 ಲಕ್ಷ. ಅಲ್ಲಿ ಎಂಬಿಬಿಎಸ್ ಓದುತ್ತಿರುವ ಮಗನೋ ಮಗಳೋ ವರದಿಯ ಫೋಟೋ ಕಳಿಸಿದಾಗ ಊರಿನಲ್ಲಿ ಗಾಬರಿಯಾಗುವುದು ಈ 22 ನೋಡಿಯೇ. ಅಮೆರಿಕದ ರಕ್ತಶಾಸ್ತ್ರ ಸಂಘದ 2019ರ ಮಾರ್ಗಸೂಚಿ, ವಯಸ್ಕರಲ್ಲಿ ಎಣಿಕೆ 30,000 ಅಥವಾ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ, ಇದ್ದರೂ ಚರ್ಮದ ಮೇಲಿನ ಚುಕ್ಕೆಯಷ್ಟೇ ಆಗಿದ್ದರೆ, ಸ್ಟೀರಾಯ್ಡ್ ಶುರುಮಾಡದೆ ಕಾದು ನೋಡಿ ಎನ್ನುತ್ತದೆ. ಗಿಡಮೂಲಿಕೆಯ ‘ಯಶಸ್ಸಿನ’ ದೊಡ್ಡ ಪಾಲು ಈ ಕಾದು ನೋಡುವ ಗುಂಪಿನಿಂದಲೇ ಬರುವುದು. ಮಕ್ಕಳಲ್ಲಂತೂ ನೂರಕ್ಕೆ ಸುಮಾರು 80 ಮಂದಿ ಏನೂ ಕೊಡದಿದ್ದರೂ ವರ್ಷದೊಳಗೆ ಸರಿಹೋಗುತ್ತಾರೆ. ಆ ಅವಧಿಯಲ್ಲಿ ಯಾವ ಸೊಪ್ಪಿನ ರಸ ಕುಡಿಸಿದ್ದರೂ ಕೀರ್ತಿ ಆ ಸೊಪ್ಪಿಗೆ.

ಇನ್ನೊಂದು ಸಂಗತಿ ಲ್ಯಾಬಿನದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಗಂಟುಗಂಟಾಗಿಸುತ್ತದೆ. ಯಂತ್ರ ಗಂಟನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ, ಎಣಿಕೆ ಸುಳ್ಳೇ ಕೆಳಗಿಳಿಯುತ್ತದೆ. ಮೈಮೇಲೆ ಒಂದು ಚುಕ್ಕೆಯೂ ಇಲ್ಲದೆ 18,000 ಬಂದಿದ್ದರೆ ಗಾಜಿನ ಮೇಲೆ ರಕ್ತ ಸವರಿ (ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ತೆಗೆಸಿ. ಸಿಟ್ರೇಟ್ ದ್ರವ ರಕ್ತವನ್ನು ತೆಳುವಾಗಿಸುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಇಲ್ಲದ ಕಾಯಿಲೆಗೆ ಗುಳಿಗೆ ಕೊಂಡವರ ಎಣಿಕೆ ಮುಂದಿನ ಸಲ ಬೇರೆ ಟ್ಯೂಬಿನಲ್ಲಿ ‘ಏರುವುದು’ ಹೀಗೇ.

ಈಗ ಗ್ವೇಪೀ ವಾನ್. ಇದರ ಮೂಲ ಸೂತ್ರ ಹಳೆಯದು. ಸೊಂಗ್ ರಾಜವಂಶದ ಕಾಲದ ವೈದ್ಯ ಯಾನ್ ಯೊಂಗ್‌ಹ 1253ರಲ್ಲಿ ಬರೆದದ್ದು. ಆಮೇಲೆ ಮಿಂಗ್ ಕಾಲದಲ್ಲಿ ಶ್ವೇ ಜಿ ಅದಕ್ಕೆ ದಾಂಗ್‌ಗ್ವೇ ಮತ್ತು ಯ್ವಾನ್‌ಝಿ ಎಂಬ ಎರಡು ಬೇರುಗಳನ್ನು ಸೇರಿಸಿದ. ಇಂದಿನ ಚೀನೀ ಫಾರ್ಮಕೋಪಿಯದ, ಅಂದರೆ ಅಧಿಕೃತ ಔಷಧ ಗ್ರಂಥದ, ಅಳತೆಯಲ್ಲಿ (ಇದು ಗುಳಿಗೆ ತಯಾರಿಸುವ ಪ್ರಮಾಣ, ತಿನ್ನುವ ಅಳತೆಯಲ್ಲ) ಹುರಿದ ಬಾಯ್‌ಝು, ಫೂಲಿಂಗ್ ಎಂಬ ಅಣಬೆ, ಯ್ವಾನ್‌ಝಿ, ಲೊಂಗಾನ್ ಹಣ್ಣಿನ ತಿರುಳು, ದಾಂಗ್‌ಗ್ವೇ ತಲಾ 160 ಗ್ರಾಂ. ದಾಂಗ್‌ಶೆನ್, ಜೇನಿನಲ್ಲಿ ಹುರಿದ ಹುವಾಂಗ್‌ಛೀ, ಹುರಿದ ಎಲಚಿ ಬೀಜ ತಲಾ 80. ಜ್ಯೇಷ್ಠಮಧುವಿನ ಚೀನೀ ಜಾತಿ, ಕೋಷ್ಠ ಎಂಬ ಬೇರು, ಬೀಜ ತೆಗೆದ ಎಲಚಿ ಹಣ್ಣು ತಲಾ 40. ಕೊನೆಯ ಸಾಲನ್ನು ಓದಿದರೆ ನಮ್ಮ ಗ್ರಂಧಿಗೆ ಅಂಗಡಿಯ ವಾಸನೆ ಬರುತ್ತದೆ, ನಿಜ. ಆದರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ನಮ್ಮಲ್ಲಿ ಸಿಗುವುದಿಲ್ಲ. ಹುವಾಂಗ್‌ಛೀ ಬದಲು ಅಶ್ವಗಂಧ, ದಾಂಗ್‌ಗ್ವೇ ಬದಲು ಇನ್ನೇನೋ ಎಂದು ಮನೆಯಲ್ಲೇ ಜೋಡಿಸಿಕೊಂಡರೆ ಅದು ಗ್ವೇಪೀ ಅಲ್ಲ, ಹೆಸರಿಲ್ಲದ ಕಷಾಯ.

ಹೆಸರಿನಲ್ಲಿರುವ ‘ಪೀ’ ಅಂದರೆ ಗುಲ್ಮ. ಇಲ್ಲೇ ಜನ ಮೋಸಹೋಗುವುದು. ಐಟಿಪಿಯಲ್ಲಿ ಪ್ಲೇಟ್‌ಲೆಟ್ ತಿನ್ನುವುದೂ ಗುಲ್ಮ, ಈ ಗುಳಿಗೆ ಸರಿಪಡಿಸುವುದೂ ಗುಲ್ಮ, ಸಾವಿರ ವರ್ಷದ ಹಿಂದೆಯೇ ಅವರಿಗೆ ಗೊತ್ತಿತ್ತು ನೋಡಿ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಚೀನೀ ವೈದ್ಯದ ‘ಪೀ’ ಅಂಗಕ್ಕಿಂತ ಹೆಚ್ಚಾಗಿ ಒಂದು ಕೆಲಸದ ಹೆಸರು: ಉಂಡದ್ದನ್ನು ಅರಗಿಸುವುದು, ರಕ್ತವನ್ನು ನಾಳದೊಳಗೆ ಹಿಡಿದಿಡುವುದು. ಸುಸ್ತು, ಹಸಿವಿಲ್ಲ, ಮುಖ ಬಿಳಿಚಿದೆ, ಮುಟ್ಟು ನಿಲ್ಲುತ್ತಿಲ್ಲ ಎಂಬ ರೋಗಿಗೆ ‘ಪೀ ದುರ್ಬಲ, ರಕ್ತ ಹಿಡಿಯುತ್ತಿಲ್ಲ’ ಎಂದು ಈ ಮದ್ದು. ರಕ್ತಶಾಸ್ತ್ರಜ್ಞ ಸ್ಕ್ಯಾನಿನಲ್ಲಿ ನೋಡುವ ಗುಲ್ಮಕ್ಕೂ ಇದಕ್ಕೂ ಅನುವಾದದ ನಂಟು ಮಾತ್ರ.

ಚೀಟಿಯಲ್ಲಿರುವ ಉಪಯೋಗವೂ ಅದನ್ನೇ ಹೇಳುತ್ತದೆ: ಏದುಸಿರು, ಎದೆ ಡವಗುಟ್ಟುವುದು, ನಿದ್ದೆಗೇಡು, ತಲೆಸುತ್ತು, ಕೈಕಾಲು ಸೋಲುವುದು, ಹಸಿವು ಇಲ್ಲದಿರುವುದು, ಅತಿಯಾದ ಮುಟ್ಟು, ಮಲದಲ್ಲಿ ರಕ್ತ. ಸಾಂದ್ರ ಗುಳಿಗೆ ಕಾಳುಮೆಣಸಿಗಿಂತ ತುಸು ದಪ್ಪ, ಒಂದು ಸಲಕ್ಕೆ 8, ದಿನಕ್ಕೆ 3 ಸಲ. 200 ಗುಳಿಗೆಯ ಬಾಟಲಿ ಎಂಟು ದಿನ ದಾಟಿ ಒಂಬತ್ತನೆಯ ದಿನದ ಬೆಳಗಿಗೆ ಮುಗಿಯುತ್ತದೆ. ತಿಂಗಳಿಗೆ ನಾಲ್ಕು ಬಾಟಲಿ ಎಂದು ಲೆಕ್ಕ ಇಟ್ಟುಕೊಳ್ಳಿ. ಒಂದು ಬಾಟಲಿಯ ಬೆಲೆ ನೋಡಿ ಅಗ್ಗ ಎಂದುಕೊಳ್ಳಬೇಡಿ. ಜೇನಿನಲ್ಲಿ ಕಟ್ಟಿದ ದೊಡ್ಡ ಉಂಡೆ 9 ಗ್ರಾಂ ತೂಗುತ್ತದೆ, ಅದು ಸಲಕ್ಕೆ ಒಂದು. ಸ್ಟೀರಾಯ್ಡ್ ತೆಗೆದುಕೊಂಡು ಸಕ್ಕರೆ ಏರಿದವರಿಗೆ ಈ ಜೇನುಂಡೆ ಬೇಡ, ಸಾಂದ್ರ ಗುಳಿಗೆಯೇ ವಾಸಿ. ನುಂಗುವಾಗ ಬಿಸಿನೀರು ಅಥವಾ ಶುಂಠಿ ನೀರು. ಯ್ವಾನ್‌ಝಿ ಬೇರು ಕೆಲವರ ಹೊಟ್ಟೆ ತೊಳೆಸುತ್ತದೆ. ಹಾಗಾದರೆ ಊಟದ ನಂತರ ಕೊಡಿ, 8ರ ಬದಲು 4ರಿಂದ ಶುರುಮಾಡಿ.

ಜಪಾನಿನಲ್ಲಿ ಇದೇ ಸೂತ್ರ ಕಿಹಿತೊ ಎಂದು ಆಸ್ಪತ್ರೆಯಲ್ಲೇ ಸಿಗುತ್ತದೆ. ತ್ಸುಮುರಾ ಕಂಪನಿಯ ಪುಡಿಯ ಪೊಟ್ಟಣದಲ್ಲಿ ಅದರ ಸಂಖ್ಯೆ 65. ಇನ್ನೆರಡು ಮೂಲಿಕೆ ಸೇರಿಸಿದ ಕಮಿಕಿಹಿತೊ 137. ದಿನಕ್ಕೆ 7.5 ಗ್ರಾಂ, ಮೂರು ಪೊಟ್ಟಣ. ಐಟಿಪಿ ರೋಗಿಗಳಿಗೆ ಅಲ್ಲಿನ ವೈದ್ಯರು ಇದನ್ನು ಕೊಟ್ಟು ನೋಡಿ ಬರೆದಿದ್ದಾರೆ. ತಯಾರಿಕೆಯ ಶಿಸ್ತಿನಲ್ಲಿ ಈ ಪೊಟ್ಟಣಗಳಿಗೆ ಹೆಚ್ಚು ಅಂಕ. ಆದರೆ 137ರಲ್ಲಿರುವ ಗಾರ್ಡೇನಿಯಾ ಕಾಯಿಯನ್ನು ವರ್ಷಗಟ್ಟಲೆ ತಿಂದರೆ ದೊಡ್ಡಕರುಳಿನ ರಕ್ತನಾಳ ಗಡುಸಾಗುತ್ತದೆಂಬ ಎಚ್ಚರಿಕೆ ಜಪಾನಿನ ಚೀಟಿಯಲ್ಲೇ ಇದೆ. ಐಟಿಪಿ ವರ್ಷಗಟ್ಟಲೆ ಎಳೆಯುವ ಕಾಯಿಲೆಯಾದ್ದರಿಂದ ಆಯ್ಕೆ ಇದ್ದರೆ 65 ತೆಗೆದುಕೊಳ್ಳಿ.

ನಮ್ಮ ತೀರ್ಪು: ಎಣಿಕೆ 30,000ದ ಮೇಲಿದ್ದು, ವೈದ್ಯರು ಕಾದು ನೋಡೋಣ ಎಂದಿದ್ದು, ಸುಸ್ತು ಮತ್ತು ನಿದ್ದೆಗೇಡು ಕಾಡುತ್ತಿದ್ದರೆ ಗ್ವೇಪೀ ವಾನ್ ಕೊಂಡದ್ದು ತಪ್ಪಲ್ಲ. ಸುಸ್ತು ಇಳಿಯಬಹುದು. ಎಣಿಕೆ ಏರಿಸುತ್ತದೆಂದು ಕೊಳ್ಳುವುದಾದರೆ ದುಡ್ಡು ಉಳಿಸಿ.

ಎರಡನೆಯ ಡಬ್ಬಿಗೆ ಬರೋಣ. ಮೂರರಲ್ಲಿ ಐಟಿಪಿಯ ಹೆಸರನ್ನೇ ಹೇಳಿಕೊಂಡು ಬರುವುದು ಈ ಕ್ಯಾಪ್ಸೂಲ್ ಒಂದೇ, ಹಾಗಾಗಿ ಹೆಚ್ಚು ಹೊತ್ತು ನೋಡಬೇಕಾದ್ದೂ ಇದನ್ನೇ. ಐದು ಮೂಲಿಕೆ: ಛಿಂಗ್‌ದಾಯ್ ಎಂಬ ನೀಲಿ, ಫಾರ್ಸಿಥಿಯಾ ಕಾಯಿ, ಶಿಯನ್‌ಹಛಾವ್ ಎಂಬ ಅಗ್ರಿಮೊನಿ ಸೊಪ್ಪು, ಪಿಯೋನಿ ಬೇರಿನ ಸಿಪ್ಪೆ, ಜ್ಯೇಷ್ಠಮಧು. ಒಂದು ಕ್ಯಾಪ್ಸೂಲ್ 0.45 ಗ್ರಾಂ, ಸಲಕ್ಕೆ 4, ದಿನಕ್ಕೆ 3 ಸಲ. ದಿನಕ್ಕೆ 12 ಕ್ಯಾಪ್ಸೂಲ್ ನುಂಗುವುದೇ ಒಂದು ಕೆಲಸ. ಚೀಟಿಯಲ್ಲಿ ಹೇಳಿರುವ ರೋಗಿಯೂ ಗ್ವೇಪೀ ರೋಗಿಗೆ ತದ್ವಿರುದ್ಧ: ಮೈಯೆಲ್ಲ ಕೆಂಪು ಚುಕ್ಕೆ, ಜ್ವರ, ಬಾಯಾರಿಕೆ, ಮಲಬದ್ಧತೆ, ಮೂಗು ವಸಡಿನಿಂದ ರಕ್ತ, ನಾಲಿಗೆ ಕೆಂಪು. ಅವರ ಮಾತಿನಲ್ಲಿ ‘ರಕ್ತ ಕಾದು ದಾರಿ ತಪ್ಪಿದೆ’. ಇವೆರಡನ್ನೂ ಒಟ್ಟಿಗೆ ಕೊಟ್ಟರೆ ಎರಡು ಪಟ್ಟು ಗುಣ ಎಂದು ಕಾಂಬೊ ಮಾರುವವನಿಗೆ ಚೀನೀ ವೈದ್ಯವೂ ಗೊತ್ತಿಲ್ಲ ಎಂದೇ ಅರ್ಥ.

ಛಿಂಗ್‌ದಾಯ್ ಬಟ್ಟೆಗೆ ಹಾಕುವ ನೀಲಿಯೇ, ಗಿಡ ಮಾತ್ರ ನಮ್ಮ ನೀಲಿ ಗಿಡವಲ್ಲ. ಸ್ಟ್ರೊಬಿಲಾಂತಸ್ ಕುಸಿಯಾ ಅಥವಾ ಅದರ ಜೊತೆಗಾರ ಗಿಡಗಳ ಎಲೆ, ಕಾಂಡವನ್ನು ದೊಡ್ಡ ತೊಟ್ಟಿಯಲ್ಲಿ ಎರಡು ಮೂರು ದಿನ ಹಗಲೂ ರಾತ್ರಿ ನೆನೆಹಾಕುತ್ತಾರೆ. ಎಲೆ ಕೊಳೆತು ಕಾಂಡದ ಸಿಪ್ಪೆ ಕಳಚಿದ ಮೇಲೆ ಕಡ್ಡಿಗಳನ್ನು ಎತ್ತಿಹಾಕಿ, 100 ಕಿಲೋಗೆ 8ರಿಂದ 10 ಕಿಲೋ ಸುಣ್ಣ ಸುರಿದು ಬಿರುಸಾಗಿ ಕಡೆಯುತ್ತಾರೆ. ಕಡುಹಸಿರು ನೀರು ನೇರಳೆ ಕೆಂಪಿಗೆ ತಿರುಗಿದಾಗ ಮೇಲೆ ಬರುವ ನೊರೆಯನ್ನು ತೆಗೆದು ಒಣಗಿಸಿದರೆ ಛಿಂಗ್‌ದಾಯ್. ಮದ್ದಿಗೆ ಬೇಕಾದದ್ದು ನೊರೆ; ತಳದಲ್ಲಿ ಕೂತ ಗಸಿ ಬಣ್ಣದವರಿಗೆ. ಫಾರ್ಮಕೋಪಿಯ ಪ್ರಕಾರ ಇದರಲ್ಲಿ ನೀಲಿ ಬಣ್ಣದ ಇಂಡಿಗೋ ಕನಿಷ್ಠ ಶೇ. 2, ಅದರ ಜೊತೆಗಿರುವ ಕೆಂಪು ಬಣ್ಣದ ಇಂಡಿರುಬಿನ್ ಕನಿಷ್ಠ ಶೇ. 0.13 ಇರಬೇಕು. ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡುವುದು ಇಂಡಿರುಬಿನ್ ಎಂದು ಶಾನ್‌ಡಾಂಗ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಕೆಲಸ ಹೇಳುತ್ತದೆ. ಐಟಿಪಿಯಲ್ಲಿ ಹದ ತಪ್ಪಿದ ಟಿ ಕೋಶಗಳನ್ನು ಅದು ಹದಕ್ಕೆ ತರುತ್ತದೆಂಬುದು ಅವರ ವಾದ. ಹಾಗಾಗಿ ಈ ಕ್ಯಾಪ್ಸೂಲನ್ನು ಪೂರ್ತಿ ಬುರುಡೆ ಎನ್ನಲಾಗದು.

ಬಿಡಿ ಪುಡಿ ಕೊಂಡವರು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಫಾರ್ಮಕೋಪಿಯದಲ್ಲೇ ಇವೆ. ಚಿಟಿಕೆ ಪುಡಿಯನ್ನು ಸಣ್ಣ ಉರಿಯಲ್ಲಿ ಸುಟ್ಟರೆ ನೇರಳೆಗೆಂಪು ಹೊಗೆ ಏಳಬೇಕು. ಅರ್ಧ ಗ್ರಾಂ ಪುಡಿಯನ್ನು 10 ಮಿಲೀ ನೀರಿಗೆ ಹಾಕಿ ಕುಲುಕಿ ಬಿಟ್ಟರೆ ನೀರು ಕಡುನೀಲಿಯಾಗಬಾರದು. ಇಂಡಿಗೋ ನೀರಿನಲ್ಲಿ ಕರಗುವುದಿಲ್ಲ, ನೀರು ನೀಲಿಯಾಯಿತೆಂದರೆ ಯಾರೋ ಬೇರೆ ಬಣ್ಣ ಬೆರೆಸಿದ್ದಾರೆ. ಕರಗದ ಕಾರಣಕ್ಕೇ ಛಿಂಗ್‌ದಾಯ್ ಅನ್ನು ಕಷಾಯಕ್ಕೆ ಹಾಕಿ ಕುದಿಸುವುದು ವ್ಯರ್ಥ. ಅದು ಗುಳಿಗೆಯಾಗಿ, ಕ್ಯಾಪ್ಸೂಲಾಗಿ ಹೋಗಬೇಕು. ದಿನದ ಅಳತೆ 1ರಿಂದ 3 ಗ್ರಾಂ.

ತೊಂದರೆಗಳು ಸಣ್ಣವಲ್ಲ. ಹೊಟ್ಟೆನೋವು, ಭೇದಿ ಸಾಮಾನ್ಯ. ಲಿವರ್ ಕಿಣ್ವ ಏರಬಹುದು. ಕರುಳಿನ ಅಲ್ಸರೇಟಿವ್ ಕೊಲೈಟಿಸ್‌ಗೆ ಛಿಂಗ್‌ದಾಯ್ ತಿಂಗಳುಗಟ್ಟಲೆ ತಿಂದ ಜಪಾನೀ ರೋಗಿಗಳಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದ ಪ್ರಕರಣಗಳು ಕಂಡು, ಅಲ್ಲಿನ ಆರೋಗ್ಯ ಸಚಿವಾಲಯ 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಅದು ರಕ್ತಹೀನತೆ ಎಂದು ತಳ್ಳಿಹಾಕದೆ ಕ್ಯಾಪ್ಸೂಲ್ ನಿಲ್ಲಿಸಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಇನ್ನೊಂದು ಎಡವಟ್ಟು ಶೌಚಾಲಯದಲ್ಲಿ ಕಾಣುತ್ತದೆ: ನೀಲಿಯಿಂದ ಮಲ ಕಪ್ಪು ಹಸಿರಾಗುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದವರಲ್ಲಿ ಕಪ್ಪು ಮಲ ಅಂದರೆ ಕರುಳಿನ ರಕ್ತಸ್ರಾವದ ಗುರುತು. ಮದ್ದಿನ ಬಣ್ಣ ಆ ಗುರುತನ್ನು ಮುಚ್ಚಿಬಿಡುತ್ತದೆ. ಟಾರಿನಂತೆ ಅಂಟಿ ಗಬ್ಬು ವಾಸನೆ ಬಂದರೆ ಬಣ್ಣದ ಮೇಲೆ ಭಾರ ಹಾಕಿ ಕೂರಬೇಡಿ, ಹಿಮೋಗ್ಲೋಬಿನ್ ನೋಡಿಸಿ.

ಮೂಳೆಮಜ್ಜೆಯಲ್ಲಿ ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕೋಶಗಳೇ ಕಡಿಮೆ ಇರುವವರು, ಬಿಳಿ ರಕ್ತಕಣ ಕಡಿಮೆ ಇರುವವರು ಜಾಗ್ರತೆ ಎಂದೂ ಚೀಟಿಯಲ್ಲಿದೆ. ಇದನ್ನು ಓದದೆ, ಕೀಮೋ ನಂತರ ಎಣಿಕೆ ಬಿದ್ದವರಿಗೂ ಡೆಂಗಿ ಬಂದವರಿಗೂ ಇದೇ ಕ್ಯಾಪ್ಸೂಲ್ ತರಿಸುವವರಿದ್ದಾರೆ. ಡೆಂಗಿಯಲ್ಲಿ ಎಣಿಕೆ ಬೀಳುವ ಕಾರಣವೇ ಬೇರೆ. ಜ್ವರ ಇಳಿದ ಕೆಲವು ದಿನಗಳಲ್ಲಿ ತಾನೇ ಏರುತ್ತದೆ. ನಮ್ಮಲ್ಲಿ ಆ ಕೀರ್ತಿಯನ್ನು ಪಪ್ಪಾಯಿ ಎಲೆ ಹೊಡೆದುಕೊಂಡುಬಿಟ್ಟಿದೆ, ಅಲ್ಲಿ ನೀಲಿ ಹೊಡೆದುಕೊಳ್ಳುತ್ತದೆ. ಐಟಿಪಿಗೂ ಪಪ್ಪಾಯಿ ಎಲೆಯ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗುವುದು ಇದೇ ಗೊಂದಲದ ಇನ್ನೊಂದು ಮುಖ.

ಕೊಳ್ಳಬೇಕೆ? ಹೆಮಟಾಲಜಿಸ್ಟ್‌ಗೆ ಡಬ್ಬಿ ತೋರಿಸಿ, ಶುರುಮಾಡುವ ಮೊದಲು ಮತ್ತು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಮಾಡಿಸಲು ಸಿದ್ಧರಿದ್ದರೆ ಮಾತ್ರ, ಅದೂ ಮುಖ್ಯ ಚಿಕಿತ್ಸೆಯ ಜೊತೆಗೆ. ಗರ್ಭಿಣಿಯರಿಗೆ ಬೇಡವೇ ಬೇಡ.

ಲೇಗಾಂಗ್‌ತೆಂಗ್ ಬಗ್ಗೆ ಚುಟುಕಾಗಿ ಹೇಳಬಹುದು: ಬೇಡ. ಹೆಸರಿನ ಅರ್ಥ ಸಿಡಿಲ ದೇವರ ಬಳ್ಳಿ. ಬೇರಿನ ಸಿಪ್ಪೆ, ಎಲೆ, ಚಿಗುರು ವಿಷ. ಇದರ ಹೂವಿನ ಜೇನು ತಿಂದು ಸತ್ತವರಿದ್ದಾರೆ. ಸಂಸ್ಕರಿಸಿದ ಸಾರದ ಮಾತ್ರೆ 10 ಮಿಲಿಗ್ರಾಂ, ಅಳತೆ ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.5 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಪ್ರತಿ ಊಟದ ನಂತರ 2 ಮಾತ್ರೆ ಎಂದರೆ 60 ಮಿಲಿಗ್ರಾಂ ಆಯಿತು. ಸಂಧಿವಾತದಲ್ಲಿ, ಕಿಡ್ನಿಯ ಕೆಲವು ಕಾಯಿಲೆಗಳಲ್ಲಿ ಇದು ನಿಜವಾಗಿ ಕೆಲಸ ಮಾಡುವ ಮದ್ದು. ರೋಗನಿರೋಧಕ ಶಕ್ತಿಯನ್ನು ಅಡಗಿಸುತ್ತದೆ. ‘ಆಟೋಇಮ್ಯೂನ್‌ಗೆಲ್ಲ ಆಗುತ್ತದೆ’ ಎಂದು ಐಟಿಪಿಗೂ ಎಳೆದು ತರುವುದು ಅದಕ್ಕೇ. ಆದರೆ ಅಡಗಿಸುವಾಗ ಮೂಳೆಮಜ್ಜೆಯನ್ನೂ ಅಡಗಿಸುತ್ತದೆ: ಬಿಳಿಕಣ ಇಳಿಯುತ್ತದೆ, ಪ್ಲೇಟ್‌ಲೆಟ್ಟೂ ಇಳಿಯುತ್ತದೆ. ಚೀಟಿಯ ನಿಷೇಧದ ಸಾಲಿನಲ್ಲಿ ತೀವ್ರ ರಕ್ತಹೀನತೆ, ಬಿಳಿಕಣ ಮತ್ತು ಪ್ಲೇಟ್‌ಲೆಟ್ ಕಡಿಮೆ ಇರುವವರು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಮಕ್ಕಳಿಗೆ, ಮುಂದೆ ಮಕ್ಕಳು ಬೇಕೆನ್ನುವ ಗಂಡು ಹೆಣ್ಣು ಇಬ್ಬರಿಗೂ, ಬಸುರಿ ಬಾಣಂತಿಯರಿಗೆ ನಿಷಿದ್ಧ. ಗಂಡಸರಲ್ಲಿ ವೀರ್ಯಾಣು ಕುಸಿಯುತ್ತದೆ, ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ. ವಯಸ್ಸು ನಲವತ್ತರ ಆಚೆಯಿದ್ದರೆ ಅದು ಮರಳಿ ಬಾರದೆಯೂ ಹೋಗಬಹುದು. ಚೀನಾದ ಔಷಧ ನಿಯಂತ್ರಕರೇ 2012ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ. ಐಟಿಪಿಗೆ ಇದನ್ನು ಸೂಚಿಸುವ ಅಂಗಡಿಯಿಂದ ಬೇರೆ ಏನನ್ನೂ ಕೊಳ್ಳದಿರುವುದು ಕ್ಷೇಮ.

ಬೇರೆ ಎರಡು ಕಾಯಿಲೆಗೆ ಬರುವ ಡಬ್ಬಿಗಳನ್ನು ಬೇಗ ಮುಗಿಸೋಣ. ಅಪ್ಲಾಸ್ಟಿಕ್ ಅನೀಮಿಯಾಗೆ, ಅಂದರೆ ಮೂಳೆಮಜ್ಜೆ ರಕ್ತಕಣ ಹುಟ್ಟಿಸುವುದನ್ನೇ ಬಿಡುವ ಕಾಯಿಲೆಗೆ, ಫೂಫಾಂಗ್ ಝಾವ್‌ಫಾನ್ ವಾನ್ ಎಂಬ ಗುಳಿಗೆ ಇದೆ. ಝಾವ್‌ಫಾನ್ ಅಂದರೆ ಅನ್ನಭೇದಿ, ಕಬ್ಬಿಣದ ಸಲ್ಫೇಟು. ಜೊತೆಗೆ ಅಮೆರಿಕನ್ ಜಿನ್‌ಸೆಂಗ್, ದಾಲ್ಚಿನ್ನಿ ಜಾತಿಯ ಚಕ್ಕೆ, ಎಲಚಿ ಹಣ್ಣು, ಅಕ್ರೋಟು ಮತ್ತು ಒಣಗಿಸಿದ ಕಡಲಕುದುರೆ. ಚಹಾ ಜೊತೆ ಬೇಡ ಎಂದು ಚೀಟಿ ಹೇಳುತ್ತದೆ, ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಬಿಡುವುದರಿಂದ. ಆದರೆ ದೊಡ್ಡ ಪ್ರಶ್ನೆ ಚಹಾದ್ದಲ್ಲ. ಪದೇಪದೇ ರಕ್ತ ಹಾಕಿಸಿಕೊಳ್ಳುವ ಅಪ್ಲಾಸ್ಟಿಕ್ ರೋಗಿಯ ಮೈಯಲ್ಲಿ ಕಬ್ಬಿಣ ಈಗಾಗಲೇ ತುಂಬಿ ತುಳುಕುತ್ತಿರುತ್ತದೆ. ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ನೋಡದೆ ಮೇಲೊಂದಿಷ್ಟು ಕಬ್ಬಿಣ ಸುರಿಯುವುದು ಯಾವ ಲೆಕ್ಕದಲ್ಲೂ ಸರಿಬರುವುದಿಲ್ಲ. ಆಟೋಇಮ್ಯೂನ್ ಹಿಮೋಲಿಟಿಕ್ ಅನೀಮಿಯಾದಲ್ಲಿ, ಅಂದರೆ ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬಂದು ಕೆಂಪು ಕಣ ಒಡೆಯುವವರಲ್ಲಿ, ಶಿಫಾರಸು ಮಾಡಬಹುದಾದ ಸಿದ್ಧ ಡಬ್ಬಿ ಒಂದೂ ಇಲ್ಲ. ಕಣ್ಣು ಹಳದಿಯಾಗಿದೆ ಎಂದು ಕಾಮಾಲೆಯ ಮೂಲಿಕೆ ಕೊಟ್ಟು ಕಾಲ ಕಳೆದರೆ ಹಿಮೋಗ್ಲೋಬಿನ್ ದಿನದಿಂದ ದಿನಕ್ಕೆ ಇಳಿಯುತ್ತದೆ. ಕೆಂಪು ಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಹುವಾಂಗ್‌ಲಿಯನ್ ಎಂಬ ಬೇರು ಬೇಡ ಎಂದು ಹಾಂಗ್‌ಕಾಂಗ್‌ನ ಚೀನೀ ವೈದ್ಯರೇ ಎಚ್ಚರಿಸುತ್ತಾರೆ. ಇನ್ನು ಛಿಂಗ್‌ದಾಯ್ ಜೊತೆ ರಿಯಲ್ಗಾರ್ ಎಂಬ ಆರ್ಸೆನಿಕ್ ಖನಿಜ ಸೇರಿಸಿದ ಮಾತ್ರೆ ಇದೆ. ಅದು ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು. ‘ನೀಲಿ ಮಾತ್ರೆ’ ಎಂದು ಹುಡುಕುವಾಗ ಅದು ಕಣ್ಣಿಗೆ ಬಿದ್ದರೆ ಮುಟ್ಟಬೇಡಿ.

ಡಬ್ಬಿ ಬಿಟ್ಟು ಆಸ್ಪತ್ರೆಯಲ್ಲೇ ಕಷಾಯ ಬರೆಸಿಕೊಳ್ಳುವವರಿಗೆ ಸೇವೆ ನಿಜಕ್ಕೂ ಅಚ್ಚುಕಟ್ಟು. ಬೀಜಿಂಗಿನ ಶೀಯ್ವಾನ್ ಆಸ್ಪತ್ರೆಯಂಥ ಕಡೆ ರಕ್ತಶಾಸ್ತ್ರ ವಿಭಾಗದಲ್ಲೇ ಚೀನೀ ವೈದ್ಯರು ಕೂತಿರುತ್ತಾರೆ, ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ನೋಡಿಯೇ ಬರೆಯುತ್ತಾರೆ. ಕುದಿಸಿ ಪೊಟ್ಟಣ ಕಟ್ಟಿಕೊಡುವ ಯಂತ್ರದಿಂದ ಬಂದ ಚೀಲಗಳನ್ನು ಫ್ರಿಜ್ಜಿನಲ್ಲಿ ವಾರ ಇಡಬಹುದು. ಉಬ್ಬಿದ ಚೀಲ ಹುಳಿತಿದೆ ಎಂದರ್ಥ, ಬಿಸಾಡಿ. ಮನೆಯಲ್ಲಿ ಕುದಿಸುವುದಾದರೆ ಮಣ್ಣಿನ ಅಥವಾ ಗಾಜಿನ ಪಾತ್ರೆ. ಕಬ್ಬಿಣ, ಅಲ್ಯುಮಿನಿಯಂ ಬೇಡ. ಮೂಲಿಕೆಯ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಅರ್ಧ ಗಂಟೆ ನೆನೆಸಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ 30 ನಿಮಿಷ. ಸೋಸಿ, ಮತ್ತೆ ನೀರು ಹಾಕಿ 20 ನಿಮಿಷ. ಎರಡನ್ನೂ ಕೂಡಿಸಿ ಎರಡು ಪಾಲು. ಎಮ್ಮೆ ಕೊಂಬಿನ ಚೂರು ಬರೆದಿದ್ದರೆ ಅದನ್ನು ಮಾತ್ರ ಮೊದಲು 3 ಗಂಟೆಗೂ ಹೆಚ್ಚು ಬೇಯಿಸಬೇಕು. 15ರಿಂದ 30 ಗ್ರಾಂ. ಘೇಂಡಾಮೃಗದ ಕೊಂಬನ್ನು ಚೀನಾ 1993ರಲ್ಲಿ ನಿಷೇಧಿಸಿದ ಮೇಲೆ ಅದರ ಜಾಗಕ್ಕೆ ಬಂದದ್ದು ಇದು. ಕತ್ತೆ ಚರ್ಮದ ಅಂಟು, ಅಂದರೆ ಅಜ್ಯಾವ್, ಬರೆದಿದ್ದರೆ ಕುದಿಸಬೇಡಿ. ತಳ ಹಿಡಿಯುತ್ತದೆ. ಸೋಸಿದ ಬಿಸಿ ಕಷಾಯದಲ್ಲಿ ಕರಗಿಸಿ.

ವೈದ್ಯರು ಬರೆದ ಚೀಟಿಯಲ್ಲಿ ಮು‌ಶಿಯಾಂಗ್ ಎಂದಿದ್ದರೆ ಅದು ಕೋಷ್ಠ, ತೊಂದರೆಯಿಲ್ಲ. ಹಳೆಯ ದಾಸ್ತಾನಿನಿಂದ ಛಿಂಗ್‌ಮುಶಿಯಾಂಗ್ ಕೊಟ್ಟರೆ ಅದು ಕಿಡ್ನಿ ತಿನ್ನುವ, ಕ್ಯಾನ್ಸರ್ ತರುವ ಅರಿಸ್ಟೊಲೋಕಿಕ್ ಆಮ್ಲದ ಬೇರು. 2004ರಲ್ಲೇ ಚೀನಾ ಅದನ್ನು ಔಷಧ ಪಟ್ಟಿಯಿಂದ ತೆಗೆದುಹಾಕಿದೆ. ಒಂದೇ ಅಕ್ಷರದ ವ್ಯತ್ಯಾಸ.

ಆಸ್ಪತ್ರೆಯ ಮದ್ದಿನ ಜೊತೆ ಇವು ಜಗಳವಾಡುವುದು ಎರಡು ಕಡೆ. ಒಂದು ಜ್ಯೇಷ್ಠಮಧು. ಇದು ಬಹಳಷ್ಟು ಚೀನೀ ಸೂತ್ರಗಳಲ್ಲಿ ಇರುತ್ತದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದೇಹದಲ್ಲಿ ಒಡೆದುಹೋಗುವುದನ್ನು ನಿಧಾನಿಸುತ್ತದೆ, ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಕಾಲು ಸೆಳೆತ, ಪಾದ ಊತ ಕಂಡರೆ ಪೊಟ್ಯಾಸಿಯಂ ನೋಡಿಸಿ. ಎರಡನೆಯದು ಎಲ್ಟ್ರೊಂಬೊಪ್ಯಾಗ್, ಪ್ಲೇಟ್‌ಲೆಟ್ ಹೆಚ್ಚು ಹುಟ್ಟುವಂತೆ ಮಾಡುವ ಐಟಿಪಿ ಮಾತ್ರೆ. ಕ್ಯಾಲ್ಸಿಯಂ, ಕಬ್ಬಿಣ ಸಿಕ್ಕರೆ ಅದು ಅವುಗಳಿಗೆ ಕಟ್ಟಿಕೊಂಡು ರಕ್ತಕ್ಕೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ಹಾಲು ಮೊಸರಿನ ಹಾಗೆಯೇ ಚಿಪ್ಪು, ಮೂಳೆ, ಅನ್ನಭೇದಿ ಹಾಕಿದ ಗುಳಿಗೆಗೂ ಇದೇ ನಿಯಮ: ಎಲ್ಟ್ರೊಂಬೊಪ್ಯಾಗ್ ನುಂಗುವುದಕ್ಕೆ 4 ಗಂಟೆ ಮುಂಚೆ ಮತ್ತು ನುಂಗಿ 2 ಗಂಟೆಯವರೆಗೆ ಅವು ಹೊಟ್ಟೆಗೆ ಬೀಳಬಾರದು. ಛಿಂಗ್‌ದಾಯ್‌ನಲ್ಲೂ ಸುಣ್ಣ ಉಳಿದಿರುತ್ತದೆ, ಅದನ್ನೂ ಇದೇ ಸಾಲಿಗೆ ಸೇರಿಸಿ. ಇವುಗಳ ಮೇಲೆ ನಮ್ಮ ಕಡೆಯ ಅಮೃತಬಳ್ಳಿ ಕಷಾಯ ಬೇರೆ ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ ಕೆಲವರಲ್ಲಿ, ಅದರಲ್ಲೂ ಆಟೋಇಮ್ಯೂನ್ ತೊಂದರೆ ಇದ್ದವರಲ್ಲಿ, ಲಿವರ್ ಪೆಟ್ಟಾದದ್ದು ಮುಂಬೈಯ ವೈದ್ಯರ ವರದಿಯಲ್ಲಿದೆ.

ಕೆಲಸ ಮಾಡಿತೇ ಇಲ್ಲವೇ ಎಂದು ಅಳೆಯುವುದಕ್ಕೆ ರಕ್ತಶಾಸ್ತ್ರಜ್ಞರ ಗಜಕೋಲೇ ಸಾಕು: ಎಣಿಕೆ 30,000 ದಾಟಬೇಕು, ಶುರುವಿನ ಅಂಕಿಯ ಎರಡರಷ್ಟಾದರೂ ಆಗಬೇಕು, ರಕ್ತಸ್ರಾವ ಇರಬಾರದು, ಅದೂ ಕನಿಷ್ಠ 7 ದಿನದ ಅಂತರದ ಎರಡು ಪರೀಕ್ಷೆಗಳಲ್ಲಿ. 41,000 ಇದ್ದದ್ದು 52,000 ಆದರೆ ಅದು ಐಟಿಪಿಯ ನಿತ್ಯದ ಏರಿಳಿತ. ಚೀನಾದಲ್ಲಿ ನಡೆದ ಬಹುತೇಕ ಪ್ರಯೋಗಗಳು ಸ್ಟೀರಾಯ್ಡ್ ಜೊತೆಗೆ ಮೂಲಿಕೆ ಕೊಟ್ಟು, ಯಾರಿಗೆ ಏನು ಕೊಟ್ಟಿದ್ದೇವೆಂದು ಮುಚ್ಚಿಡದೆ ನಡೆದ ಸಣ್ಣ ಪ್ರಯೋಗಗಳು. ಅವುಗಳ ‘ಶೇಕಡಾ ಗುಣ’ವನ್ನು ಜಾಹೀರಾತಿನಲ್ಲಿ ಕಂಡು ಮರುಳಾಗಬೇಡಿ.

ತೀರಾ ಚೆನ್ನಾಗಿ ಕೆಲಸ ಮಾಡಿದರೂ ಅನುಮಾನ ಪಡಬೇಕು. ಲೇಬಲ್ ಇಲ್ಲದ ಪುಡಿ ತಿಂದು ಹತ್ತು ದಿನದಲ್ಲಿ 12,000 ಇದ್ದದ್ದು ಲಕ್ಷ ಮುಟ್ಟಿದರೆ, ಜೊತೆಗೆ ಹಸಿವು ಜಾಸ್ತಿಯಾಗಿ ನಿದ್ದೆ ಹಾರಿ ಮುಖ ದುಂಡಗಾದರೆ, ಒಳಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆಯೇ ಹೆಚ್ಚು. ಸಿಂಗಪುರದ ಆರೋಗ್ಯ ವಿಜ್ಞಾನ ಪ್ರಾಧಿಕಾರ ಇಂಥ ಪುಡಿ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಪತ್ತೆಹಚ್ಚಿ ಮತ್ತೆ ಮತ್ತೆ ಹೆಸರಿಸುತ್ತಲೇ ಬಂದಿದೆ. ಗೊತ್ತಾದ ಕೂಡಲೇ ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ವಾರಗಟ್ಟಲೆ ತಿಂದಿದ್ದರೆ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ವಾಂತಿ, ಬಿಪಿ ಕುಸಿತ ಬರಬಹುದು. ಪುಡಿಯ ಸಮೇತ ಆಸ್ಪತ್ರೆಗೆ ಹೋಗಿ, ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್‌ನ ಬೆಳಗಿನ ಮಟ್ಟ ನೋಡಿಸಿ, ಅವರು ಹೇಳಿದಂತೆ ಇಳಿಸಿ. ಬಾಯೊಳಗೆ ರಕ್ತದ ಗುಳ್ಳೆ, ನಿಲ್ಲದ ಮೂಗಿನ ರಕ್ತ, ಹೊಸ ತಲೆನೋವು ಇದ್ದರೆ ಈ ಪುಟದಲ್ಲಿರುವ ಯಾವ ಡಬ್ಬಿಯೂ ಲೆಕ್ಕಕ್ಕಿಲ್ಲ. ತುರ್ತು ವಿಭಾಗ, ಅಲ್ಲಿ ಐವಿಐಜಿ (ರಕ್ತನಾಳಕ್ಕೆ ಹನಿಸುವ ಪ್ರತಿಕಾಯದ ದ್ರವ) ಮತ್ತು ಸ್ಟೀರಾಯ್ಡ್.

ಅಸಲಿ ಡಬ್ಬಿ ಗುರುತಿಸುವುದು ಸುಲಭ. ಚೀನಾದಲ್ಲಿ ಒಪ್ಪಿಗೆ ಪಡೆದ ಔಷಧದ ಮೇಲೆ ನಾಲ್ಕು ಚೀನೀ ಅಕ್ಷರ, ಆಮೇಲೆ ಝಡ್ ಎಂಬ ಇಂಗ್ಲಿಷ್ ಅಕ್ಷರ, ಆಮೇಲೆ 8 ಅಂಕಿ ಇರಬೇಕು. ಝಡ್ ಅಂದರೆ ಚೀನೀ ಮದ್ದು, ಎಚ್ ಆದರೆ ರಾಸಾಯನಿಕ. ನೀಲಿ ಟೋಪಿಯಂಥ ಚಿಹ್ನೆ ಇದ್ದರೆ ಅದು ಆರೋಗ್ಯ ಆಹಾರ, ಕಾಯಿಲೆ ವಾಸಿ ಮಾಡುತ್ತದೆಂದು ಹೇಳುವ ಹಕ್ಕೇ ಅದಕ್ಕಿಲ್ಲ.

ಊರಿಗೆ ತರುವವರಿಗೆ: ನಮ್ಮ ಔಷಧ ನಿಯಮಗಳ ಪ್ರಕಾರ ಸ್ವಂತ ಬಳಕೆಗೆ ಬ್ಯಾಗಿನಲ್ಲಿ ತರುವ ಯಾವುದೇ ಒಂದು ಮದ್ದು 100 ಡೋಸ್ ಮೀರಬಾರದು. ಗ್ವೇಪೀ ಬಾಟಲಿಗೆ 25 ಡೋಸ್, ಅಂದರೆ ನಾಲ್ಕು ಬಾಟಲಿ, ಸರಿಯಾಗಿ ಒಂದು ತಿಂಗಳ ಮೇಲೆ ಮೂರು ದಿನ. ಅಂಚೆಯಲ್ಲಿ ತರಿಸುವುದಾದರೆ ವೈದ್ಯರ ಚೀಟಿ ಲಗತ್ತಿಸಿ 12ಎ ಅರ್ಜಿ ಹಾಕಿ, 12ಬಿ ಪರವಾನಗಿ ಪಡೆದಿರಬೇಕು. ಇದರ ಮೇಲೆ ಕೋಷ್ಠದ ತಕರಾರು ಬೇರೆ: ಹಿಮಾಲಯದ ಆ ಗಿಡ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಯುನ್ನಾನಿನ ಹೊಲದಲ್ಲಿ ಬೆಳೆದದ್ದಾದರೂ ಕಸ್ಟಮ್ಸ್‌ನವರು ಪಟ್ಟಿ ನೋಡಿ ಕೇಳಿಯೇ ಕೇಳುತ್ತಾರೆ. ಝಾವ್‌ಫಾನ್ ಗುಳಿಗೆಯ ಕಡಲಕುದುರೆಯಂತೂ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿ. ಅದನ್ನು ಬ್ಯಾಗಿಗೆ ಹಾಕಿಕೊಳ್ಳಲೇಬೇಡಿ.